ಬಾಯಿಮಾತು ಬಾರದ ಮಗು ಓದಲು ಕಲಿಯಬಹುದೇ? ಟ್ಯಾಬ್, ಚಿತ್ರಫಲಕ ಮತ್ತು ಅಕ್ಷರಾಭ್ಯಾಸ: ನಂಬಿಕೆ ಏನು, ವಾಸ್ತವ ಏನು?

"ಮೊದಲು ಮಾತು ಬರಲಿ, ಆಮೇಲೆ ಅಕ್ಷರ ನೋಡೋಣ." "ಟ್ಯಾಬ್ ಕೈಗೆ ಕೊಟ್ಟರೆ ಇರೋ ಮಾತೂ ಹೋಗುತ್ತೆ." "ಚಿತ್ರ ತೋರಿಸಿ ಬೇಕಾದ್ದು ಕೇಳುತ್ತಲ್ಲ, ಓದು ಯಾಕೆ?" ಮನೆಯಲ್ಲಿ ಬಾಯಿಮಾತು ಬಾರದ ಮಗುವಿದ್ದರೆ ಈ ಮೂರು ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ನೆಂಟರಿಷ್ಟರು ಹೇಳುತ್ತಾರೆ, ಕೆಲವೊಮ್ಮೆ ಶಾಲೆಯವರೂ ಹೇಳುತ್ತಾರೆ. ಫ್ಯಾಮಿಲಿ ಗ್ರೂಪಿಗೆ ಬರುವ ಫಾರ್ವರ್ಡ್‌ಗಳಲ್ಲೂ ಇವೇ ಮಾತುಗಳು ವೇಷ ಬದಲಿಸಿಕೊಂಡು ಬರುತ್ತವೆ. ಹೇಳುವವರಿಗೆ ಮಗುವಿನ ಮೇಲೆ ಕಾಳಜಿಯೇ ಇರುತ್ತದೆ. ಆದರೆ ಮೂರೂ ಮಾತು ತಪ್ಪು. ಇವನ್ನು ನಂಬಿ ಕಾಯುತ್ತಾ ಕುಳಿತರೆ ಅಕ್ಷರ ಕಲಿಯುವ ವಯಸ್ಸಿನ ಅಮೂಲ್ಯ ವರ್ಷಗಳು ಕೈತಪ್ಪುತ್ತವೆ.

ಹಾಗಾದರೆ ವಾಸ್ತವ ಏನು? ಮನೆಯಲ್ಲಿ, ತರಗತಿಯಲ್ಲಿ ಏನು ಮಾಡಬಹುದು? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಓದಲು ಬಾಯಿಮಾತು ಬರಲೇಬೇಕು ಎಂದೇನಿಲ್ಲ. ಮಾತಿನ ಸದ್ದು ಕಿವಿಗೆ ಬಿದ್ದು ಮನಸ್ಸಿನಲ್ಲಿ ನಿಂತರೆ ಓದಿಗೆ ದಾರಿ ಇದೆ.
• ಮಾತಿಗೆ ನೆರವಾಗುವ ಟ್ಯಾಬ್ ಅಥವಾ ಚಿತ್ರಫಲಕ ಬಳಸುವುದರಿಂದ ಮಾತು ನಿಂತುಹೋಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.
• ಗಟ್ಟಿಯಾಗಿ ಓದಿಸುವ ಬದಲು ತೋರಿಸುವುದು, ಹೊಂದಿಸುವುದು, ಆರಿಸುವುದು ಎಂಬ ದಾರಿಯಲ್ಲಿ ಅಕ್ಷರ ಕಲಿಸಬಹುದು, ಪರೀಕ್ಷೆಯನ್ನೂ ಮಾಡಬಹುದು.
• ಮಗುವಿನ ಕೈ ಹಿಡಿದು ಟೈಪ್ ಮಾಡಿಸುವ ವಿಧಾನಗಳ ಬಗ್ಗೆ ಎಚ್ಚರ ಇರಲಿ.

ಎಎಸಿ ಎಂದರೇನು?

ಬಾಯಿಮಾತಿಗೆ ನೆರವಾಗುವ ಅಥವಾ ಬಾಯಿಮಾತಿನ ಜಾಗದಲ್ಲಿ ನಿಲ್ಲುವ ಎಲ್ಲ ವಿಧಾನಗಳಿಗೂ ಸೇರಿ ತಜ್ಞರು ಎಎಸಿ ಎನ್ನುತ್ತಾರೆ. ಪೂರಕ ಮತ್ತು ಪರ್ಯಾಯ ಸಂವಹನ ಎಂಬುದು ಇದರ ಅರ್ಥ. ಹೆಸರು ದೊಡ್ಡದಾದರೂ ಸಂಗತಿ ಸರಳ. ಕಣ್ಸನ್ನೆ, ಕೈಸನ್ನೆ, ತಲೆಯಾಡಿಸುವುದು ಎಲ್ಲವೂ ಇದರಲ್ಲಿ ಬರುತ್ತವೆ. ರಟ್ಟಿನ ಮೇಲೆ ಅಂಟಿಸಿದ ಚಿತ್ರಗಳು, ಅಕ್ಷರದ ಹಲಗೆ, ಗುಂಡಿ ಒತ್ತಿದರೆ ಮಾತಾಡುವ ಸಾಧನ, ಮೊಬೈಲ್ ಅಥವಾ ಟ್ಯಾಬ್‌ನ ಆ್ಯಪ್ ಕೂಡ ಎಎಸಿಯೇ.

ನಮ್ಮ ದೇಶದಲ್ಲೇ ತಯಾರಾದ ಆ್ಯಪ್‌ಗಳೂ ಇವೆ. ಚೆನ್ನೈನಲ್ಲಿ ರೂಪುಗೊಂಡ ಆವಾಜ್, ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲೋ ಇದಕ್ಕೆ ಉದಾಹರಣೆ. ಎರಡರಲ್ಲೂ ಭಾರತೀಯ ಭಾಷೆಗಳಿಗೆ ಅವಕಾಶ ಇದೆ. ಆ್ಯಪ್ ಇಲ್ಲದಿದ್ದರೂ ಚಿಂತೆ ಬೇಡ. ಈ ಲೇಖನದಲ್ಲಿ ಹೇಳುವ ಹೆಚ್ಚಿನ ಕೆಲಸಗಳನ್ನು ರಟ್ಟು, ಸ್ಕೆಚ್ ಪೆನ್ ಮತ್ತು ಕತ್ತರಿ ಇಟ್ಟುಕೊಂಡೇ ಮಾಡಬಹುದು.

ಎಎಸಿ ಯಾರಿಗೆ ಬೇಕಾಗುತ್ತದೆ? ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್‌ನಂತಹ ಸ್ಥಿತಿ ಇರುವ ಮಕ್ಕಳಲ್ಲಿ ಕೆಲವರಿಗೆ ಬಾಯಿಮಾತು ಬರುವುದೇ ಇಲ್ಲ. ಇನ್ನು ಕೆಲವರ ಮಾತು ಮನೆಯವರಿಗೆ ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ. ಮಾತಾಡಲು ತುಟಿ, ನಾಲಿಗೆ, ಉಸಿರು ಮತ್ತು ಇವೆಲ್ಲವನ್ನೂ ನಡೆಸುವ ಮೆದುಳಿನ ಸಂಜ್ಞೆಗಳು ಒಟ್ಟಿಗೆ ಕೆಲಸ ಮಾಡಬೇಕು. ಅಲ್ಲಿ ತೊಡಕಾಯಿತು ಎಂದ ಮಾತ್ರಕ್ಕೆ ಮಗುವಿಗೆ ಭಾಷೆಯೇ ಅರ್ಥವಾಗುವುದಿಲ್ಲ ಎಂದಲ್ಲ.

ನಂಬಿಕೆ 1: ಟ್ಯಾಬ್ ಕೊಟ್ಟರೆ ಮಗು ಮಾತಾಡುವುದನ್ನೇ ಬಿಡುತ್ತದೆ

ಈ ಭಯ ಸಹಜ. ಆದ್ದರಿಂದಲೇ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದ್ದಾರೆ. ಬೆಳವಣಿಗೆಯ ತೊಡಕಿರುವವರ ಮೇಲೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಮಿಲ್ಲರ್, ಲೈಟ್ ಮತ್ತು ಶ್ಲೋಸರ್ ಎಂಬ ಸಂಶೋಧಕರು 2006ರಲ್ಲಿ ಒಟ್ಟುಗೂಡಿಸಿ ನೋಡಿದರು. ಗಟ್ಟಿ ಪುರಾವೆ ಇದ್ದ 27 ಮಂದಿಯಲ್ಲಿ ಎಎಸಿ ಬಳಕೆಯಿಂದ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇ. 11ರಷ್ಟು ಮಂದಿಯಲ್ಲಿ ಬದಲಾವಣೆ ಕಾಣಲಿಲ್ಲ, ಶೇ. 89ರಷ್ಟು ಮಂದಿಯಲ್ಲಿ ಮಾತು ಸ್ವಲ್ಪವಾದರೂ ಹೆಚ್ಚಿತ್ತು.

"ಸ್ವಲ್ಪವಾದರೂ" ಎಂಬ ಮಾತನ್ನು ಗಮನಿಸಿ. ಟ್ಯಾಬ್ ಕೊಟ್ಟ ಕೂಡಲೇ ಮಗು ಪಟಪಟ ಮಾತಾಡುತ್ತದೆ ಎಂದು ಯಾರಾದರೂ ಫಾರ್ವರ್ಡ್ ಕಳಿಸಿದರೆ ಅದೂ ಸರಿಯಲ್ಲ. ಹೆಚ್ಚಳ ಸಾಧಾರಣ ಮಟ್ಟದ್ದು. ಆದರೆ ಮಾತು ಹೋಗುತ್ತದೆ ಎಂಬ ಭಯಕ್ಕೆ ಆಧಾರ ಇಲ್ಲ.

"ಸ್ಕ್ರೀನ್ ನೋಡಿಸಬೇಡಿ ಎಂದು ಡಾಕ್ಟರೇ ಹೇಳುತ್ತಾರಲ್ಲ?" ಎಂದು ನೀವು ಕೇಳಬಹುದು. ಚಿಕ್ಕ ಮಕ್ಕಳ ಸ್ಕ್ರೀನ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಎಚ್ಚರಿಕೆ ಕುಳಿತಲ್ಲೇ ಟಿವಿ, ವಿಡಿಯೊ ನೋಡುವಂತಹ ಸಮಯದ ಬಗ್ಗೆ. ಮಾತಾಡಲು ಟ್ಯಾಬ್ ಬಳಸುವುದು ಕಾರ್ಟೂನ್ ನೋಡುವುದಕ್ಕೆ ಸಮವಲ್ಲ. ಒಂದೇ ಟ್ಯಾಬ್‌ನಲ್ಲಿ ಎರಡೂ ಇದ್ದರೆ ಮಗು ಕಾರ್ಟೂನ್ ಕಡೆಗೇ ಓಡುತ್ತದೆ, ನಿಜ. ಅದಕ್ಕೆ ಪರಿಹಾರ ಇದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ, ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಎಂಬ ಸೌಲಭ್ಯ ಇದೆ. ಅದನ್ನು ಆನ್ ಮಾಡಿದರೆ ಮಾತಿನ ಆ್ಯಪ್ ಮಾತ್ರ ತೆರೆದಿರುತ್ತದೆ. ಶಿಕ್ಷೆಯೆಂದು ಮಾತ್ರ ಈ ಟ್ಯಾಬ್ ಕಸಿದುಕೊಳ್ಳಬೇಡಿ. ಹಟ ಮಾಡಿದ ಮಗುವಿನ ಬಾಯಿಗೆ ನಾವು ಬಟ್ಟೆ ಕಟ್ಟುತ್ತೇವೆಯೇ?

ನಂಬಿಕೆ 2: ಮಾತು ಬಂದ ಮೇಲಷ್ಟೇ ಓದು

ನಮ್ಮಲ್ಲಿ ಓದು ಎಂದರೆ ಗಟ್ಟಿಯಾಗಿ ಓದುವುದು. ಮಗು ಎದ್ದು ನಿಂತು ಪಾಠ ಒಪ್ಪಿಸಿದರೆ ಓದು ಬಂದಿದೆ ಎನ್ನುತ್ತೇವೆ. ಹೀಗಾಗಿ ಧ್ವನಿ ಇಲ್ಲದ ಮಗುವಿಗೆ ಓದು ಬರಲು ಸಾಧ್ಯವೇ ಇಲ್ಲ ಎಂದು ಮೊದಲೇ ತೀರ್ಮಾನವಾಗಿಬಿಡುತ್ತದೆ.

ನೀವು ಈಗ ಈ ಲೇಖನವನ್ನು ಓದುತ್ತಿರುವುದನ್ನೇ ಗಮನಿಸಿ. ತುಟಿ ಅಲುಗುತ್ತಿಲ್ಲ, ಆದರೂ ಅರ್ಥವಾಗುತ್ತಿದೆ. ಓದು ನಡೆಯುವುದು ಒಳಗೆ. ಅದಕ್ಕೆ ಬೇಕಾದ್ದು ಮುಖ್ಯವಾಗಿ ಎರಡು. ಮೊದಲನೆಯದು, ಆಡುಭಾಷೆ ಅರ್ಥವಾಗಬೇಕು. ಎರಡನೆಯದು, ಬರೆದ ಅಕ್ಷರಕ್ಕೂ ಕೇಳಿದ ಸದ್ದಿಗೂ ಇರುವ ಸಂಬಂಧ ತಿಳಿಯಬೇಕು. ಬಾಯಿಂದ ಸದ್ದು ಹೊರಡಿಸುವುದು ಈ ಕಲಿಕೆಯನ್ನು ಸುಲಭ ಮಾಡುತ್ತದೆ, ಮಗು ಎಲ್ಲಿ ತಪ್ಪಿತು ಎಂದು ಕಲಿಸುವವರಿಗೂ ತಿಳಿಯುತ್ತದೆ. ಆದರೆ ಅದು ಅನಿವಾರ್ಯ ಅಲ್ಲ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಲೈಟ್ ಮತ್ತು ಡೇವಿಡ್ ಮೆಕ್‌ನಾಟನ್ ಇಂಥ ಮಕ್ಕಳಿಗೆಂದೇ ಓದಿನ ಪಾಠಕ್ರಮ ರೂಪಿಸಿದ್ದಾರೆ. ಸದ್ದು ಗುರುತಿಸುವುದು, ಅಕ್ಷರ ಗುರುತಿಸುವುದು, ಕೂಡಿಸಿ ಓದುವುದು, ಎಲ್ಲವನ್ನೂ ಮಗು ಬಾಯಿ ತೆರೆಯದೆ ಮಾಡುವಂತೆ ಅದರಲ್ಲಿ ಬದಲಿಸಲಾಗಿದೆ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಕರೆನ್ ಎರಿಕ್ಸನ್ ಮತ್ತು ಅವರ ಸಹ ಲೇಖಕ ಡೇವಿಡ್ ಕೊಪೆನ್‌ಹೇವರ್ ಹೇಳುವುದೂ ಇದನ್ನೇ. ಓದು ಶುರು ಮಾಡಲು ಮಗು ಇಂತಿಷ್ಟು ಮಾತಾಡಬೇಕು, ಇಂತಿಷ್ಟು ಹೊತ್ತು ಸುಮ್ಮನೆ ಕೂರಬೇಕು ಎಂಬ ಮುಂಷರತ್ತು ಬೇಡ.

ಮೊದಲೇ ನೋಡಬೇಕಾದ ಒಂದು ಸಂಗತಿ ಮಾತ್ರ ಇದೆ. ಮಗುವಿನ ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಿದೆಯೇ? ಕೇಳಿಸದ ಸದ್ದನ್ನೋ ಕಾಣದ ಅಕ್ಷರವನ್ನೋ ಕಲಿಸಲು ಹೋಗಿ "ಇದಕ್ಕೆ ಬರಲ್ಲ" ಎನ್ನುವಂತಾಗಬಾರದು. ಕಿವಿ ಕೇಳಿಸದ ಮಗುವಿಗೆ ಸನ್ನೆ ಭಾಷೆಯ ಮೂಲಕ ಓದು ಕಲಿಸುವ ದಾರಿಯೇ ಬೇರೆ. ಈ ಲೇಖನ ಕಿವಿ ಕೇಳುವ, ಬಾಯಿಮಾತು ಬಾರದ ಮಕ್ಕಳ ಬಗ್ಗೆ.

ನಂಬಿಕೆ 3: ಚಿತ್ರ ಇದ್ದರೆ ಸಾಕು, ಅಕ್ಷರ ಯಾಕೆ?

ಎಎಸಿ ಎಂದ ಕೂಡಲೇ ಕೆಲವರು ಸ್ಟೀಫನ್ ಹಾಕಿಂಗ್ ಅವರ ಹೆಸರು ಹೇಳುತ್ತಾರೆ. 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಮಾತು ಪೂರ್ತಿ ಹೋಯಿತು, ಕಂಪ್ಯೂಟರ್ ಅವರ ಧ್ವನಿಯಾಯಿತು. ಆದರೆ ಆ ಹೊತ್ತಿಗೆ ಅವರು ದೊಡ್ಡ ವಿಜ್ಞಾನಿ. ಓದು ಬರಹ ಮೊದಲೇ ಇದ್ದುದರಿಂದ ಬೇಕಾದ್ದನ್ನೆಲ್ಲ ಬರೆದು ಹೇಳಲು ಸಾಧ್ಯವಾಯಿತು. ಹುಟ್ಟಿನಿಂದ ಮಾತು ಬಾರದ ಮಗುವಿನ ಸ್ಥಿತಿ ಬೇರೆ.

ಆ ಮಗುವಿನ ಫಲಕದಲ್ಲಿ ನಲವತ್ತು ಚಿತ್ರಗಳಿವೆ ಎನ್ನೋಣ. ನೀರು, ಊಟ, ಅಮ್ಮ, ಶೌಚ, ಆಟ. ಅವನ್ನು ಆರಿಸಿ ಅಂಟಿಸಿದವರು ದೊಡ್ಡವರು. ಮಗುವಿಗೆ ಹೊಟ್ಟೆ ನೋಯುತ್ತಿದ್ದರೆ, ಶಾಲೆಯ ವ್ಯಾನಿನಲ್ಲಿ ಯಾರೋ ಚಿವುಟಿದ್ದರೆ, ಅಜ್ಜ ಸತ್ತು ಎಲ್ಲಿಗೆ ಹೋದರು ಎಂದು ಕೇಳಬೇಕಿದ್ದರೆ ಫಲಕದಲ್ಲಿ ಅದಕ್ಕೆ ಚಿತ್ರ ಇಲ್ಲ. ಬೇರೆಯವರು ಮೊದಲೇ ಊಹಿಸಿದ್ದನ್ನು ಮಾತ್ರ ಮಗು ಹೇಳಬಲ್ಲದು. ಅಕ್ಷರ ಬಂದರೆ ಈ ಬೇಲಿ ಬೀಳುತ್ತದೆ. ಯಾರೂ ಅಂಟಿಸದ ಮಾತನ್ನೂ ಮಗು ತಾನೇ ಕಟ್ಟಿ ಹೇಳಬಹುದು. ಉಳಿದ ಮಕ್ಕಳಿಗೆ ಓದು ಶಾಲೆಯ ಒಂದು ವಿಷಯ. ಈ ಮಗುವಿಗೆ ಅದು ಮಾತಿನ ದಾರಿಯೂ ಹೌದು.

ಮುಂಬೈನ ಮಾಲಿನಿ ಚಿಬ್ ಅವರಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಒಂದು ಕಿರುಬೆರಳಿನಲ್ಲಿ ಟೈಪ್ ಮಾಡಿ ಬರೆದ ಅವರ ಆತ್ಮಕಥೆ "ಒನ್ ಲಿಟಲ್ ಫಿಂಗರ್" 2010ರಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳೂ ಪುಸ್ತಕ ಬರೆಯುತ್ತಾರೆ ಎಂದು ನಾವು ಹೇಳುತ್ತಿಲ್ಲ. ಕೆಲವರು ಹತ್ತಾರು ಪದಗಳಲ್ಲೇ ನಿಲ್ಲಬಹುದು. ಆದರೆ ಯಾರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದು ಕಲಿಸಿದ ಮೇಲೆ ತಿಳಿಯುವ ವಿಷಯ, ಕಲಿಸುವ ಮೊದಲೇ ಅಲ್ಲ.

ಗಟ್ಟಿಯಾಗಿ ಓದದ ಮಗುವಿಗೆ ಕಲಿಸುವುದು ಹೇಗೆ?

ಹೆಜ್ಜೆ 1: ಜೊತೆಯಲ್ಲಿ ಕೂತು ಕಥೆ ಓದಿ. ದಿನಾ ಹತ್ತು ಹದಿನೈದು ನಿಮಿಷ ಸಾಕು. ಓದುವಾಗ ಚಿತ್ರಫಲಕ ಅಥವಾ ಟ್ಯಾಬ್ ಪಕ್ಕದಲ್ಲೇ ಇರಲಿ. ನೀವು ಮಾತಾಡುತ್ತಾ ನೀವೇ ಅದರಲ್ಲಿ ತೋರಿಸಿ. "ಅಯ್ಯೋ, ಬಿತ್ತು" ಎನ್ನುತ್ತಾ "ಬಿತ್ತು" ಚಿತ್ರವನ್ನು ಮುಟ್ಟಿ. ಮಾತು ಕಲಿಯುವ ಮಗು ಮಾತು ಕೇಳಿಸಿಕೊಂಡೇ ಕಲಿಯುವಂತೆ, ಫಲಕ ಬಳಸುವ ಮಗು ಬೇರೆಯವರು ಬಳಸುವುದನ್ನು ನೋಡಿಯೇ ಕಲಿಯುತ್ತದೆ. ಪ್ರತಿ ಪುಟಕ್ಕೂ "ಇದೇನು? ಅದೇನು?" ಎಂದು ಪರೀಕ್ಷೆ ಮಾಡಬೇಡಿ. ಒಂದು ಮಾತು ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಕಾಯಿರಿ. ಕೈಕಾಲು ಹಿಡಿತಕ್ಕೆ ಸಿಗದ ಮಗುವಿಗೆ ಉತ್ತರ ಕೊಡಲು ಆ ಸಮಯ ಬೇಕೇ ಬೇಕು.

ಫಲಕದಲ್ಲಿ ಬರೀ ವಸ್ತುಗಳ ಹೆಸರು ತುಂಬಬೇಡಿ. "ನೋಡು", "ಇನ್ನೊಮ್ಮೆ", "ಬೇಡ", "ಯಾಕೆ", "ಯಾರು", "ಇಷ್ಟ", "ಪುಟ ತಿರುವು" ಇಂಥವು ಯಾವ ಕಥೆಗಾದರೂ ಆಗುತ್ತವೆ. ಉತ್ತರ ಕೆರೊಲಿನಾದ ತಂಡವೂ ಎಲ್ಲ ಸಂದರ್ಭಕ್ಕೂ ಒದಗುವ 36 ಪದಗಳ ಫಲಕದಿಂದಲೇ ಶುರು ಮಾಡುತ್ತದೆ. ಪದಗಳು ನಿಮ್ಮ ಮನೆಯ ಮಾತಿನಂತಿರಲಿ. ಮಗು ತಾಯಿಯನ್ನು ಅವ್ವ ಎಂದು ಕೇಳಿ ಬೆಳೆದಿದ್ದರೆ ಫಲಕದಲ್ಲೂ ಅವ್ವ ಎಂದೇ ಬರೆಯಿರಿ. ಪುಸ್ತಕ ಕೊಳ್ಳಲು ಆಗದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ.

ಹೆಜ್ಜೆ 2: ಸದ್ದಿನ ಆಟ. ಮರ, ಮನೆ, ಮಳೆ ಮತ್ತು ಸರ, ಈ ನಾಲ್ಕು ಚಿತ್ರಗಳನ್ನು ಮುಂದಿಡಿ. "ಮ... ನೆ. ಯಾವುದು ತೋರಿಸು" ಎಂದು ಬಿಡಿಸಿ ಹೇಳಿ. ಮಗು ಕಣ್ಣಿಂದಲೋ ಬೆರಳಿಂದಲೋ ತೋರಿಸಲಿ. ಇದು ಸದ್ದು ಕೂಡಿಸುವ ಪಾಠ. ಆಮೇಲೆ "ಮ ಸದ್ದಿನಿಂದ ಶುರುವಾಗದೇ ಇರುವುದು ಯಾವುದು?" ಎಂದು ಕೇಳಿ. ಇದು ಸದ್ದು ಬೇರೆ ಮಾಡುವ ಪಾಠ. ಎರಡರಲ್ಲೂ ಮಗು ಬಾಯಿ ತೆರೆಯಬೇಕಿಲ್ಲ.

ಹೆಜ್ಜೆ 3: ಕೆಲವೇ ಅಕ್ಷರ, ಕೂಡಲೇ ಪದ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳು. ಅ ಆ ಇ ಈ ಎಂದು ಎಲ್ಲ ಮುಗಿಸಿ ಪದಕ್ಕೆ ಬರುವಷ್ಟರಲ್ಲಿ ಮಗುವಿಗೂ ಬೇಸರ, ಕಲಿಸುವವರಿಗೂ ಬೇಸರ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಅಲ್ಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು. ಈ ಐದರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳಾಗುತ್ತವೆ. ಕಾಗುಣಿತ ಬೇಡ, ಒತ್ತಕ್ಷರ ಬೇಡ, ಮೊದಲ ವಾರಗಳಲ್ಲೇ ನಿಜವಾದ ಓದು. ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ ಬರುತ್ತವೆ.

ಹೆಜ್ಜೆ 4: ಮೌನವಾಗಿ ಓದಿ ಆರಿಸುವುದು. "ಸರ" ಎಂದು ಬರೆದ ಕಾರ್ಡ್ ತೋರಿಸಿ. ನೀವು ಅದನ್ನು ಉಚ್ಚರಿಸಬೇಡಿ. "ಮನಸ್ಸಿನಲ್ಲೇ ಓದಿಕೊ" ಎನ್ನಿ. ನಂತರ ಸರ, ಮರ, ಗರಗಸ, ಅರಸ, ಈ ನಾಲ್ಕು ಚಿತ್ರಗಳಲ್ಲಿ ಆರಿಸಲು ಹೇಳಿ. ಮಗು ಸರವನ್ನೇ ಆರಿಸಿದರೆ ಓದಿತು ಎಂದು ಅರ್ಥ. ಗರಗಸ ಆರಿಸಿದರೆ ಬೈಯಬೇಡಿ. ಎರಡರಲ್ಲೂ ರ, ಸ ಇವೆ, ಮಗು ಅಕ್ಷರ ಗಮನಿಸಿದೆ, ಕ್ರಮ ತಪ್ಪಿದೆ ಎಂದು ನಿಮಗೆ ತಿಳಿಯಿತು.

ಇಲ್ಲಿ ಮೂರು ಎಚ್ಚರ ಬೇಕು. ಎರಡೇ ಚಿತ್ರ ಇಟ್ಟರೆ ಊಹಿಸಿದರೂ ಅರ್ಧದಷ್ಟು ಸಲ ಸರಿಯಾಗುತ್ತದೆ. ನಾಲ್ಕಿಟ್ಟರೆ ಊಹೆ ಸರಿಯಾಗುವುದು ನಾಲ್ಕರಲ್ಲಿ ಒಂದು ಸಲ. ಹಾಗಾಗಿ ನಾಲ್ಕಿರಲಿ, ಬೇರೆ ಬೇರೆ ದಿನ ಮತ್ತೆ ಕೇಳಿ. ಸರಿಯುತ್ತರದ ಜಾಗ ಪ್ರತಿ ಸಲವೂ ಬದಲಾಗಲಿ. ನಿಮ್ಮ ಕಣ್ಣು ಸರಿಯುತ್ತರದ ಕಡೆ ಹೋಗದಿರಲಿ, ಮಕ್ಕಳು ನಮ್ಮ ಮುಖ ಓದುವುದರಲ್ಲಿ ನಿಸ್ಸೀಮರು.

ಇನ್ನೊಂದು ಮಾತು. ಫಲಕದಲ್ಲಿ ಚಿತ್ರದ ಕೆಳಗೆ ಪದ ಬರೆದಿರುವುದರಿಂದ ಮಗು ತಾನಾಗಿ ಓದು ಕಲಿಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಚಿತ್ರ ಎದುರಿಗಿದ್ದರೆ ಕಣ್ಣು ಚಿತ್ರಕ್ಕೇ ಹೋಗುತ್ತದೆ, ಪದವನ್ನು ನೋಡುವ ಅಗತ್ಯವೇ ಬರುವುದಿಲ್ಲ. ಮಾತಾಡಲು ಚಿತ್ರ ಇರಲಿ. ಓದಿನ ಪಾಠದಲ್ಲಿ ಪದ ಒಂಟಿಯಾಗಿ ಬರಲಿ, ಚಿತ್ರ ಆಮೇಲೆ ಬರಲಿ.

ಕಾಗುಣಿತ, ಒತ್ತಕ್ಷರ: ಕನ್ನಡದ ನಿಜವಾದ ಏರು

ಇಂಗ್ಲಿಷ್‌ಗಾಗಿ ಮಾಡಿದ ಪಾಠಕ್ರಮವನ್ನು ಹಾಗೆಯೇ ಕನ್ನಡಕ್ಕೆ ತಂದರೆ ಸಾಲದು. ಇಂಗ್ಲಿಷ್‌ನಲ್ಲಿ ಅಕ್ಷರಗಳು 26. ನಮ್ಮಲ್ಲಿ ಒಂದು "ಕ"ಗೆ ಕಾ, ಕಿ, ಕೀ ಎಂದು ಸಾಲೇ ಇದೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರ ತಮ್ಮ ಸಂಶೋಧನಾ ಲೇಖನದಲ್ಲಿ, ಕನ್ನಡದ ಅಕ್ಷರಗಳನ್ನು ಪೂರ್ತಿ ಪಳಗಿಸಿಕೊಳ್ಳಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು, ಅದು ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿದ್ದಾರೆ. ಅದು ಮಾತು ಬರುವ ಮಕ್ಕಳ ಲೆಕ್ಕ. ಹಾಗಾಗಿ ನಿಮ್ಮ ಮಗು ಎರಡು ವರ್ಷವಾದರೂ ಒತ್ತಕ್ಷರದಲ್ಲಿ ಎಡವುತ್ತಿದ್ದರೆ "ಇದಕ್ಕೆ ತಲೆಗೆ ಹತ್ತಲ್ಲ" ಎಂದು ಕೈಬಿಡಬೇಡಿ.

ಧ್ವನಿ ಇಲ್ಲದ ಮಗು ಕಾಗುಣಿತ ತಪ್ಪಾಗಿ ಓದಿಕೊಂಡರೆ ನಮಗೆ ಕೇಳಿಸುವುದಿಲ್ಲ. ಅದನ್ನು ಹಿಡಿಯಲು ಗುಣಿತ, ಒತ್ತುಗಳಲ್ಲಿ ವ್ಯತ್ಯಾಸ ಇರುವ, ಚಿತ್ರ ಬಿಡಿಸಬಹುದಾದ ಪದಗಳನ್ನು ಒಟ್ಟಿಗೆ ಇಡಿ. ಹಾಲು, ಹಲ್ಲು, ಹುಲ್ಲು, ಹುಲಿ ಒಂದು ಗುಂಪು. ಕಾಲು, ಕಲ್ಲು, ಕೋಲು, ಕೋಳಿ ಇನ್ನೊಂದು. ಒಂದು ಪದ ತೋರಿಸಿ ಚಿತ್ರ ಆರಿಸಲು ಹೇಳಿದರೆ ದೀರ್ಘ ತಿಳಿದಿದೆಯೇ, ಒತ್ತು ತಿಳಿದಿದೆಯೇ ಎಂಬುದು ಸ್ಪಷ್ಟವಾಗುತ್ತದೆ.

ಟೈಪ್ ಮಾಡಲು ಆಗುವ ಮಗುವಿಗೆ ಫೋನ್ ಕೂಡ ಗುರುವಾಗುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಕೀಲಿಮಣೆಯೂ ಇದೆ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ಗೂಗಲ್‌ನ ಸೌಲಭ್ಯವೂ ಇದೆ. "ಹಲು" ಎಂದು ಬರೆದರೆ ಫೋನ್ ಹಾಗೆಯೇ ಓದುತ್ತದೆ. ಕೇಳಿದ ಮಗುವಿಗೆ ಇದು ಹಾಲೂ ಅಲ್ಲ, ಹಲ್ಲೂ ಅಲ್ಲ ಎಂದು ತಾನಾಗಿ ತಿಳಿಯುತ್ತದೆ.

ಪೆನ್ಸಿಲ್ ಹಿಡಿಯಲು ಆಗದಿದ್ದರೆ?

ಓದಿನ ಜೊತೆಗೇ ಬರಹ ಬೇಕು. ಮಾತು ಬರುವ ಮಗು ಗೋಡೆಯ ಮೇಲೆಲ್ಲ ಗೀಚಿ ಬರಹ ಶುರು ಮಾಡುತ್ತದೆ. ಪೆನ್ಸಿಲ್ ಹಿಡಿಯಲಾಗದ ಮಗುವಿಗೂ ಆ ಗೀಚಾಟದ ಅವಕಾಶ ಬೇಕು. ಮೊದಮೊದಲು "ಗರಸಸ" ಎಂದು ಅರ್ಥವಿಲ್ಲದೆ ಆರಿಸಿದರೂ ಅದು ಬರಹದ ಗೀಚಾಟವೇ. ತಿದ್ದದೆ, ಖುಷಿಯಿಂದ ಓದಿ ಹೇಳಿ.

ಕೈ ಪೂರ್ತಿ ಹಿಡಿತದಲ್ಲಿಲ್ಲದ ಮಕ್ಕಳಿಗೆ ಸಂಗಾತಿಯೊಬ್ಬರು ಅಕ್ಷರಗಳನ್ನು ಸಾಲು ಸಾಲಾಗಿ ಹೇಳುತ್ತಾ ಹೋಗುವ, ಬೇಕಾದ್ದು ಬಂದಾಗ ಮಗು "ಹೌದು" ಎಂದು ಸನ್ನೆ ಮಾಡುವ ವಿಧಾನ ಇದೆ. ಇದಕ್ಕೆ ನಮ್ಮ ವರ್ಣಮಾಲೆ ಹೇಳಿ ಮಾಡಿಸಿದಂತಿದೆ. ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದು ಅಕ್ಷರ. ಒಂದು ರಟ್ಟಿನ ಮೇಲೆ ಸ್ವರಗಳ ಸಾಲು, ಐದು ವರ್ಗದ ಸಾಲುಗಳು, "ಯ"ಯಿಂದ ಶುರುವಾಗುವ ಸಾಲು ಬರೆಯಿರಿ. ಕೊನೆಯ ಸಾಲಿನಲ್ಲಿ "ಗುಣಿತ", "ಒತ್ತು", "ಪದ ಮುಗೀತು", "ತಪ್ಪಾಯ್ತು" ಎಂದು ಬರೆಯಿರಿ.

ಮಗುವಿಗೆ "ಮರ" ಎಂದು ಬರೆಯಬೇಕಿದೆ ಎನ್ನೋಣ. ನೀವು ಸಾಲುಗಳನ್ನು ತೋರಿಸುತ್ತಾ "ಸ್ವರವಾ? ಕ ಸಾಲಾ? ಚ ಸಾಲಾ? ಟ ಸಾಲಾ? ತ ಸಾಲಾ? ಪ ಸಾಲಾ?" ಎನ್ನುತ್ತೀರಿ. ಪ ಎಂದಾಗ ಮಗು ಕಣ್ಣು ಮೇಲೆತ್ತುತ್ತದೆ. "ಪ, ಫ, ಬ, ಭ, ಮ" ಎನ್ನುತ್ತೀರಿ, ಮ ಎಂದಾಗ ಮತ್ತೆ ಕಣ್ಣು ಮೇಲೆ. ಆಮೇಲೆ ರ. ನಿಧಾನ, ನಿಜ. ಆದರೆ ಪದ ಮಗುವಿನದೇ. ಪ್ರತಿ ಸಲವೂ ಒಂದೇ ಕ್ರಮ, ಒಂದೇ ವೇಗ ಇರಲಿ. ಮಗುವಿನ "ಹೌದು" ಸನ್ನೆ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ, ಶಾಲೆಯವರಿಗೂ ತಿಳಿಸಿ. ಮಗು ಏನು ಬರೆಯಲು ಹೊರಟಿದೆ ಎಂದು ಊಹಿಸಿ ನೀವೇ ಮುಗಿಸಿಬಿಡಬೇಡಿ.

ಎಚ್ಚರ: ಬರೆಯುತ್ತಿರುವವರು ಯಾರು?

ಮಾತು ಬಾರದ ಮಗುವಿನ ಕೈಯನ್ನೋ ಮೊಣಕೈಯನ್ನೋ ದೊಡ್ಡವರು ಹಿಡಿದಿದ್ದಾರೆ, ಮಗು ಇದ್ದಕ್ಕಿದ್ದಂತೆ ಕವಿತೆ, ತತ್ವಜ್ಞಾನ ಟೈಪ್ ಮಾಡುತ್ತಿದೆ. ಇಂಥ ವಿಡಿಯೊ ನೋಡಿದರೆ ಕಣ್ಣು ತುಂಬಿ ಬರುತ್ತದೆ, ಕೂಡಲೇ ಹಂಚಿಕೊಳ್ಳಬೇಕು ಎನಿಸುತ್ತದೆ. ಸ್ವಲ್ಪ ನಿಲ್ಲಿ.

ಈ ವಿಧಾನಕ್ಕೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಎಂದು ಹೆಸರು. 1990ರ ದಶಕದಲ್ಲಿ ಇದನ್ನು ಸರಳವಾಗಿ ಪರೀಕ್ಷಿಸಿದರು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿದರು. ಟೈಪ್ ಆದದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಅವರು ಮೋಸ ಮಾಡುತ್ತಿರಲಿಲ್ಲ, ತಮಗೇ ಅರಿವಿಲ್ಲದೆ ಕೈ ನಡೆಸುತ್ತಿದ್ದರು. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ ಆಶಾ 2018ರಲ್ಲಿ ಈ ವಿಧಾನವನ್ನು ಬಳಸಬಾರದು ಎಂದು ಹೇಳಿತು. ಸಹಾಯಕರು ಅಕ್ಷರದ ಹಲಗೆ ಹಿಡಿದು ಸತತವಾಗಿ ಪ್ರೇರೇಪಿಸುವ ರ್‍ಯಾಪಿಡ್ ಪ್ರಾಂಪ್ಟಿಂಗ್ ವಿಧಾನವನ್ನೂ ಅದು ಶಿಫಾರಸು ಮಾಡುವುದಿಲ್ಲ.

ಎಎಸಿಯ ತಿರುಳೇ ಮಗುವಿನ ಮಾತು ಮಗುವಿನದಾಗಿರಬೇಕು ಎಂಬುದು. ಅದನ್ನು ಮನೆಯಲ್ಲೇ ನೋಡಬಹುದು. ನೀವು ಕೋಣೆಯ ಹೊರಗಿರುವಾಗ ಅಜ್ಜಿ ಮಗುವಿಗೆ ಒಂದು ವಸ್ತು ತೋರಿಸಲಿ. ಒಳಗೆ ಬಂದು ಏನು ನೋಡಿದೆ ಎಂದು ಕೇಳಿ. ನಿಮಗೆ ಗೊತ್ತಿಲ್ಲದ ಸಂಗತಿಯನ್ನು ಮಗು ಹೇಳಿದರೆ ಮಾತು ಅದರದೇ. ಮೇಲೆ ಹೇಳಿದ ಸಾಲಿನ ವಿಧಾನಕ್ಕೂ ಈ ಪರೀಕ್ಷೆ ಆಗಾಗ ಇರಲಿ. ಕುತ್ತಿಗೆಗೆ, ಮೈಗೆ ಆಸರೆ ಕೊಡುವುದು ತಪ್ಪಲ್ಲ. ಆರಿಸುವ ಕೈಯನ್ನು ನಡೆಸುವುದು ತಪ್ಪು.

ಶಾಲೆ ಏನು ಮಾಡಬೇಕು? ಕಾನೂನು ಏನು ಹೇಳುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ವಾಕ್ ಮತ್ತು ಭಾಷಾ ತೊಡಕು ಅದರಲ್ಲಿವೆ. ಮಾತಿನ ತೊಡಕಿರುವವರಿಗಾಗಿ ಪೂರಕ ಮತ್ತು ಪರ್ಯಾಯ ಸಂವಹನ ವಿಧಾನಗಳಿಗೆ ಉತ್ತೇಜನ ಕೊಡಬೇಕು ಎಂದು ಅದರ 17ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಪ್ರಮಾಣೀಕೃತವಾಗಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸುವುದೂ ಅದೇ ಕಲಮಿನಲ್ಲಿದೆ. ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 31ನೇ ಕಲಮು ಕೊಡುತ್ತದೆ. "ಮಾತು ಬಂದ ಮೇಲೆ ಕರೆತನ್ನಿ" ಎನ್ನುವ ಶಾಲೆಯವರಿಗೆ ಇದನ್ನು ವಿನಯದಿಂದಲೇ ತೋರಿಸಬಹುದು.

ತರಗತಿಯಲ್ಲಿ ದೊಡ್ಡ ಖರ್ಚಿನ ಬದಲಾವಣೆ ಬೇಕಿಲ್ಲ. ಫಲಕ ಬ್ಯಾಗಿನೊಳಗಲ್ಲ, ಮೇಜಿನ ಮೇಲಿರಲಿ. ಪಾಠ ಒಪ್ಪಿಸುವ ಬದಲು ಸರಿಯುತ್ತರ ತೋರಿಸುವ ಅವಕಾಶ ಇರಲಿ. ಪಕ್ಕದ ಮಕ್ಕಳಿಗೂ ಫಲಕ ಬಳಸಲು ಬಿಡಿ. ಮುಂದಿನ ಪಾಠದ ಪದಗಳನ್ನು ಶಿಕ್ಷಕರು ಒಂದು ವಾರ ಮೊದಲೇ ಹೇಳಿದರೆ ಮನೆಯವರು ಫಲಕಕ್ಕೆ ಸೇರಿಸುತ್ತಾರೆ.

ಸಹಾಯ ಎಲ್ಲಿ ಸಿಗುತ್ತದೆ?

• ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ (ಆಯಿಷ್): ಕಿವಿ ಪರೀಕ್ಷೆ, ಸ್ಪೀಚ್ ಥೆರಪಿ, ಎಎಸಿ ಮಾರ್ಗದರ್ಶನ.
• ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇರುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ: ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.
• ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ: ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಇಲ್ಲಿರುತ್ತಾರೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ಬಗ್ಗೆಯೂ ಇಲ್ಲೇ ಕೇಳಿ.
• ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ.

ಕೊನೆಯದಾಗಿ

ಮಾತು ಬಾರದ ಮಗುವಿಗೆ ಅಕ್ಷರ ಕಲಿಸುವುದು ನಿಧಾನದ ಕೆಲಸ. ಒಂದು ವಾರದಲ್ಲಿ ಓದು ಬರುತ್ತದೆ ಎಂದು ಹೇಳುವ ಯಾವ ಆ್ಯಪನ್ನೂ, ಯಾವ ಥೆರಪಿಯನ್ನೂ ನಂಬಬೇಡಿ. ಮಾತು ಬರುವವರೆಗೆ ಕಾಯಿರಿ ಎನ್ನುವವರನ್ನೂ ನಂಬಬೇಡಿ. ಇವತ್ತು ಸಂಜೆ ಒಂದು ರಟ್ಟು ಕತ್ತರಿಸಿ ರ, ಗ, ಸ, ದ, ಅ ಬರೆದರೆ ಪಾಠ ಶುರುವಾದಂತೆ.

ಈ ಲೇಖನವನ್ನು ಇಂಥ ಮಗು ಇರುವ ಮನೆಯವರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ಕಳುಹಿಸಿ. ಆದರೆ ಯಾವುದೇ ಮಗುವಿನ ಥೆರಪಿಯ ವಿಡಿಯೊವನ್ನು ಮನೆಯವರ ಒಪ್ಪಿಗೆ ಇಲ್ಲದೆ ಫಾರ್ವರ್ಡ್ ಮಾಡಬೇಡಿ. ನಾಳೆ ಓದಲು ಬಂದಾಗ ಆ ಮಗುವೂ ಅದರ ಕೆಳಗಿನ ಕಾಮೆಂಟ್‌ಗಳನ್ನು ಓದುತ್ತದೆ.